ಅಪ್‌ಡೇಟ್: ಮೋಹನ ರಾಗದ ನನ್ನ ಕೃತಿ ಸರಿಹೋಯಿತು

ಹೋದ ತಿಂಗಳು ಕೇಳಿದ್ದೆ: ಆದಿತಾಳದಲ್ಲಿ ನಾನೇ ಕಟ್ಟಿದ ಕೃತಿಯ ಪಲ್ಲವಿ ‘ಕಡಲ ತಡಿಯ ಕೃಷ್ಣ’ ಹಾಡುವಾಗ ಯಾಕೋ ಎಡವಿದ ಹಾಗೆ ಕೇಳಿಸುತ್ತದೆ, ತಪ್ಪೆಲ್ಲಿ ಅಂತ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆ.

ತಪ್ಪು ಸ್ವರದಲ್ಲಿರಲಿಲ್ಲ. ತಾಳದ ಮೊದಲ ಭಾಗವಾದ ಲಘುವಿನ 4 ಎಣಿಕೆ ‘ತಡಿ’ಗೆ ಮುಗಿದು, ಅದರ ನಂತರ ಬರುವ 2 ಎಣಿಕೆಯ ಭಾಗವಾದ ದ್ರುತದ ಪೆಟ್ಟು ‘ಯ’ ಮೇಲೆ ಬೀಳುತ್ತಿತ್ತು. ಕೇಳುವವರ ಕಿವಿಗೆ ‘ಯಕೃಷ್ಣ’! ಉಡುಪಿಯಲ್ಲಿ ಕೂತು ಕೃಷ್ಣನ ಹೆಸರನ್ನೇ ಕೆಡಿಸಿದೆನಲ್ಲ ಅಂತ ತುಂಬಾ ನೊಂದುಕೊಂಡೆ. ಒಬ್ಬರು ಹೇಳಿದಂತೆ ‘ತಡಿಯ’ವನ್ನು ಬಿಗಿದು ಲಘುವಿನೊಳಗೇ ಮುಗಿಸಿದೆ. ಈಗ ‘ಕೃ’ ಸರಿಯಾಗಿ ಪೆಟ್ಟಿನ ಮೇಲೆ ಕೂರುತ್ತದೆ. ಕೈಯಲ್ಲಿ ತಾಳ ಹಾಕಿ ಹಾಡಿದಾಗ ಆದ ಸಂತೋಷ ಹೇಳತೀರದು.

ಪಲ್ಲವಿಯ ನಂತರದ ಭಾಗವಾದ ಅನುಪಲ್ಲವಿಯಲ್ಲಿ ಗಾಂಧಾರದಿಂದ (ಗ) ಪಂಚಮಕ್ಕೆ (ಪ) ಜಾರುವಾಗ ನಡುವಿನ ಮಧ್ಯಮ (ಮ) ಸೋಂಕುತ್ತದೆ ಅಂದಿದ್ದಿರಿ. ಮೋಹನದಲ್ಲಿ ಮ, ನಿ ಎರಡೂ ವರ್ಜ್ಯ, ಅಂದರೆ ಆ ಸ್ವರಗಳು ಬರಬಾರದು. ರೆಕಾರ್ಡಿಂಗ್ ಮತ್ತೆ ಕೇಳಿದೆ, ನಿಜ. ಈಗ ಜಾರದೆ ನೇರ ಪಂಚಮ ಹಿಡಿಯುತ್ತೇನೆ.

ಪ್ರಾಸ ಮಾತ್ರ ಬದಲಿಸಲಿಲ್ಲ. ‘ಕಡಲ’ಕ್ಕೆ ‘ಒಡಲ’, ಎರಡನೇ ಅಕ್ಷರ ಕೂಡುತ್ತದೆ, ಅದು ನನಗೆ ಇಷ್ಟ.

ಚರಣ ಇನ್ನೂ ಬರೆಯುತ್ತಿದ್ದೇನೆ. ಮುಗಿದ ಕೂಡಲೇ ಹಾಡಿ ಕಳಿಸುತ್ತೇನೆ, ಹೀಗೆಯೇ ಬಿಚ್ಚುಮನಸ್ಸಿನಿಂದ ತಿದ್ದಿ.