ಹಳೆಯ ಕಾರಿನ ಶಬ್ದ: ಗೇರ್‌ಬಾಕ್ಸ್ ಇಳಿಸುವ ಮೊದಲು

ಕುಂಜಿಬೆಟ್ಟಿನಿಂದ ಪ್ರಶ್ನೆ

ದೊಡ್ಡಪ್ಪನ 2008ರ ವ್ಯಾಗನ್ ಆರ್ ನನ್ನ ಕೈಗೆ ಬಂದು ನಾಲ್ಕು ತಿಂಗಳಾಯಿತು. 92,000 ಕಿಲೋಮೀಟರ್ ಓಡಿದೆ. ವಾರಕ್ಕೆ ಮೂರು ದಿನ ಅದರಲ್ಲೇ ಮಂಗಳೂರಿಗೆ ಹೋಗಿ ಬರುತ್ತೇನೆ. ಮಳೆಗಾಲ ಮುಗಿದ ಮೇಲೆ ಮೂರು ಬಗೆಯ ಶಬ್ದ ಶುರುವಾಗಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ ಮರಳು ಅರೆದಂತೆ ಗೊರಗೊರ. ಕಲ್ಸಂಕದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರದ ಕಡೆಯಿಂದ ಟಕ್ ಟಕ್. ಹೆದ್ದಾರಿಯಲ್ಲಿ ವೇಗ 50 ದಾಟಿದರೆ ಒಂದೇ ಸಮನೆ ಗುಂಯ್ ಎನ್ನುವ ಮೊರೆತ. ಇಲ್ಲಿ ತೋರಿಸಿದ ಗ್ಯಾರೇಜಿನವರು ಐದು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸ್ ಇಳಿಸಬೇಕು ಎಂದರು. ಒಪ್ಪುವ ಮೊದಲು, ಹಳೆಯ ಗಾಡಿಯನ್ನು ವರ್ಷಗಟ್ಟಲೆ ಸಾಕಿದವರು ನಿಮ್ಮ ಅನುಭವ ಹೇಳುತ್ತೀರಾ?

ಕುಲಶೇಖರದಿಂದ

ಇಂದೇ ಒಪ್ಪಬೇಡಿ. ನೀವು ಹೇಳಿದ ಮೂರು ಶಬ್ದಗಳು ಮೂರು ಬೇರೆ ಬೇರೆ ಸಂದರ್ಭದಲ್ಲಿ ಬರುತ್ತಿವೆ. ಹಾಗಿರುವಾಗ ಒಂದೇ ರಿಪೇರಿಯಿಂದ ಮೂರೂ ಹೋಗುತ್ತವೆ ಎಂದು ನನಗೆ ಅನಿಸುವುದಿಲ್ಲ.

ನನ್ನ ಆಲ್ಟೊ 2005ರದು. ಇಷ್ಟು ವರ್ಷಗಳಲ್ಲಿ ಕಲಿತದ್ದು ಇದು: ಶಬ್ದ ಎಲ್ಲಿಂದ ಬರುತ್ತದೆ ಎಂದು ಕಿವಿಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತೇವೆ. ತಗಡಿನ ಮೈಯಲ್ಲಿ ಸದ್ದು ಹರಿದುಕೊಂಡು ಹೋಗಿ ಇನ್ನೆಲ್ಲೋ ಕೇಳಿಸುತ್ತದೆ. ಯಾವಾಗ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಎಂದು ನೋಡಿದರೆ ಯಾವ ಭಾಗ ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ಗೊರಗೊರವನ್ನು ಹಿಡಿಯಿರಿ. ಬೆಳಿಗ್ಗೆ ಎಂಜಿನ್ ಓಡುತ್ತಿರಲಿ, ಗಾಡಿ ನ್ಯೂಟ್ರಲ್‌ನಲ್ಲಿರಲಿ, ಫ್ಯಾನು, ಎ.ಸಿ., ರೇಡಿಯೊ ಎಲ್ಲವನ್ನೂ ನಿಲ್ಲಿಸಿ. ಕ್ಲಚ್ಚಿನಿಂದ ಕಾಲು ತೆಗೆದು ಕೇಳಿ. ನಂತರ ಕ್ಲಚ್ಚನ್ನು ನಿಧಾನವಾಗಿ ತಳದವರೆಗೆ ಒತ್ತಿ ಕೇಳಿ. ಕಾಲು ತೆಗೆದಿರುವಾಗ ಎಂಜಿನ್ನಿನ ಜೊತೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಒಳಗೆ ಒಯ್ಯುವ ದಂಡ, ತಿರುಗುತ್ತಿರುತ್ತದೆ. ಒತ್ತಿದರೆ ಅದು ನಿಲ್ಲುತ್ತದೆ, ಆದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನ ಮೇಲೆ ಒತ್ತಡ ಬೀಳುತ್ತದೆ. ಆದ್ದರಿಂದ ಒತ್ತಿದಾಗ ಶಬ್ದ ಹುಟ್ಟಿದರೆ ತಪ್ಪು ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗು, ಇಲ್ಲವೇ ಗೇರ್ ಆಯಿಲ್ ಕಡಿಮೆಯಾಗಿರುವುದು. ಸವೆದ ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳು ಸಡಿಲವಾಗಿದ್ದರೂ ಹೀಗೆಯೇ ಆಗುತ್ತದೆ.

ಗ್ಯಾರೇಜಿನಲ್ಲಿ ‘ಇಳಿಸುವುದು’ ಮತ್ತು ‘ಬಿಚ್ಚುವುದು’ ಎಂಬ ಎರಡು ಮಾತಿಗೆ ಬಹಳ ವ್ಯತ್ಯಾಸವಿದೆ, ಮಾರಾಯರೇ. ರಿಲೀಸ್ ಬೇರಿಂಗು ಹಾಕಲು ಗೇರ್‌ಬಾಕ್ಸನ್ನು ಇಳಿಸಲೇಬೇಕು, ಒಳಗೆ ಬಿಚ್ಚುವುದು ಬೇಡ. ಹಾಗೆ ಇಳಿಸುವುದಾದರೆ ಕ್ಲಚ್ ಸೆಟ್ ಪೂರ್ತಿ ಬದಲಾಯಿಸಿಬಿಡಿ, ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಎರಡರಲ್ಲಿ ಯಾವುದು ಎಂದು ಅವರನ್ನು ನೇರವಾಗಿ ಕೇಳಿ.

ಇದೆಲ್ಲಕ್ಕೂ ಮೊದಲು ಗೇರ್ ಆಯಿಲ್ ನೋಡಿಸಿ. ಎಂಜಿನ್ ಆಯಿಲ್ ಎಲ್ಲರೂ ಬದಲಾಯಿಸುತ್ತಾರೆ, ಗೇರ್ ಆಯಿಲ್ ಯಾರಿಗೂ ನೆನಪಿರುವುದಿಲ್ಲ. ಪೆಟ್ಟಿಗೆಯ ಪಕ್ಕದಲ್ಲಿರುವ ತುಂಬಿಸುವ ಬೋಲ್ಟನ್ನು ತೆಗೆದರೆ ಆಯಿಲ್ ಆ ತೂತಿನ ಕೆಳ ಅಂಚಿನವರೆಗೆ ಇರಬೇಕು. ನನ್ನದರಲ್ಲಿ ಒಮ್ಮೆ ಹೊರಬಂದ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣದಲ್ಲಿತ್ತು. ಆ ಜುಲೈಯಲ್ಲಿ ಕೊಟ್ಟಾರ ಚೌಕಿಯಲ್ಲಿ ನಿಂತ ನೀರಿನಲ್ಲಿ ಗಾಡಿ ನುಗ್ಗಿಸಿದ್ದೆ. ಗೇರ್‌ಬಾಕ್ಸಿನ ಗಾಳಿಕೊಳವೆಯಿಂದ ನೀರು ಒಳಗೆ ಹೋಗಿತ್ತು. ಎರಡು ಸಲ ಹೊಸ ಆಯಿಲ್ ಹಾಕಿ ತೆಗೆದ ಮೇಲೆ ಶಬ್ದ ಹೋಯಿತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆಗಾಲದ ಮರುತಿಂಗಳು ಇದನ್ನು ನೋಡಿಸುವುದು ನನಗೆ ಈಗ ಕಡ್ಡಾಯವಾಗಿದೆ.

ತಿರುವಿನ ಟಕ್ ಟಕ್, ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಆಕ್ಸಲಿನ ಹೊರಗಿನ ಜಾಯಿಂಟಿನದು ಎಂದು ಬಹುಮಟ್ಟಿಗೆ ಹೇಳಬಹುದು. ಅದನ್ನು ಕಾಯುವ ರಬ್ಬರ್ ಬೂಟ್ ಬಿರಿದರೆ ಗ್ರೀಸು ಹೊರಗೆ ಚಿಮ್ಮಿ, ಒಳಗೆ ಕೆಸರು ಸೇರುತ್ತದೆ. ಚಕ್ರವನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ, ಬಗ್ಗಿ ರಿಮ್ಮಿನ ಒಳಮುಖವನ್ನು ನೋಡಿ. ಕಪ್ಪು ಗ್ರೀಸಿನ ಹನಿಗಳು ಬೀಸಣಿಗೆಯಂತೆ ಹರಡಿ ಅಂಟಿಕೊಂಡಿದ್ದರೆ ಸಂಶಯವೇ ಬೇಡ. ಬಿರುಕು ಹೊಸತಾಗಿದ್ದು ಶಬ್ದ ಇನ್ನೂ ಬಂದಿರದಿದ್ದರೆ ಬೂಟ್ ಬದಲಿಸಿದರೆ ಸಾಕಿತ್ತು. ಟಕ್ ಟಕ್ ಶುರುವಾದ ಮೇಲೆ ಜಾಯಿಂಟ್ ಉಳಿಯುವುದು ಕಷ್ಟ.

ಯಾವ ಬದಿಯದು ಎಂದು ತಿಳಿಯಲು ನಮ್ಮೂರಿನಲ್ಲಿ ಒಳ್ಳೆಯ ಉಪಾಯವಿದೆ. ಕೆಂಪುಕಲ್ಲಿನ ಕಂಪೌಂಡ್ ಗೋಡೆಯಿರುವ ಓಣಿಯಲ್ಲಿ ಕಿಟಕಿ ಇಳಿಸಿ, ಒಂದನೇ ಗೇರಿನಲ್ಲಿ ಮೆಲ್ಲನೆ ಹೋಗಿ. ಗೋಡೆ ಎಡಕ್ಕಿದ್ದರೆ ಎಡ ಚಕ್ರದ ಸದ್ದು ಗೋಡೆಗೆ ಬಡಿದು ಸ್ಪಷ್ಟವಾಗಿ ಒಳಗೆ ಬರುತ್ತದೆ. ಮರಳಿ ಬರುವಾಗ ಬಲ ಚಕ್ರವನ್ನು ಕೇಳಿಸಿಕೊಳ್ಳಿ. ಕದ್ರಿ ಗುಡ್ಡದ ಹಿಂದಿನ ಒಂದು ಓಣಿಯಲ್ಲಿ ನಾನು ಹೀಗೆ ನಾಲ್ಕು ಸಲ ಓಡಾಡಿ, ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಜಲ್ಲಿಕಲ್ಲೊಂದನ್ನು ಕಂಡುಹಿಡಿದಿದ್ದೇನೆ. ಬೇರಿಂಗ್ ಹೋಗಿದೆ ಎಂದು ಹೆದರಿದ್ದ ಶಬ್ದ ಅದು.

ಸುರತ್ಕಲ್‌ನಿಂದ

ಮೂರನೆಯ ಶಬ್ದದ ಬಗ್ಗೆ ನಾನು ಹೇಳುತ್ತೇನೆ. ಅದರಿಂದ ನನ್ನ ಹಣ ಸುಮ್ಮನೆ ಹೋಗಿದೆ. ನಮ್ಮ ಹಳೆಯ ಸ್ಯಾಂಟ್ರೊದಲ್ಲಿ ಇದೇ ಗುಂಯ್ ಶಬ್ದವಿತ್ತು. ವೀಲ್ ಬೇರಿಂಗ್ ಎಂದರು, ಮುಂದಿನ ಎರಡನ್ನೂ ಬದಲಾಯಿಸಿದೆವು. ಮನೆ ತಲುಪುವ ಮೊದಲೇ ಅದೇ ಗುಂಯ್. ಕೊನೆಗೆ ನೋಡಿದರೆ ತಪ್ಪು ಟೈರಿನದು. ಅಂಗೈಯನ್ನು ಟೈರಿನ ಹಲ್ಲುಗಳ ಮೇಲೆ ಒಂದು ದಿಕ್ಕಿಗೆ ಸವರಿದರೆ ನಯ, ಎದುರು ದಿಕ್ಕಿಗೆ ಸವರಿದರೆ ಗರಗಸದಂತೆ ಚುಚ್ಚುತ್ತಿತ್ತು. ಅಲೈನ್‌ಮೆಂಟ್, ಅಂದರೆ ಚಕ್ರಗಳ ನೇರ ನಿಲುವು, ತಪ್ಪಿ ಹಾಗೆ ಸವೆದಿತ್ತು.

ಎರಡನ್ನೂ ಬೇರೆ ಮಾಡುವುದು ಹೀಗೆ. ಹೆದ್ದಾರಿಯ ಡಾಂಬರು ಬಿಟ್ಟು ಮಂಗಳೂರಿನ ಕಾಂಕ್ರೀಟ್ ರಸ್ತೆಗೆ ಬರುವಾಗ ವೇಗ ಬದಲಿಸದೆ ಕೇಳಿ. ರಸ್ತೆಯ ಜೊತೆ ಶಬ್ದದ ಧಾಟಿಯೂ ಬದಲಾದರೆ ಅದು ಟೈರು. ರಸ್ತೆ ಯಾವುದಿದ್ದರೂ ಅದೇ ಮೊರೆತವಿದ್ದರೆ ಬೇರಿಂಗನ್ನು ಅನುಮಾನಿಸಿ. ವೇಗದಲ್ಲಿರುವಾಗ ಗೇರನ್ನು ನ್ಯೂಟ್ರಲ್‌ಗೆ ತಂದರೂ ಮೊರೆತ ಹಾಗೆಯೇ ಇದ್ದರೆ ಅದಕ್ಕೂ ಎಂಜಿನ್ನಿಗೂ ಸಂಬಂಧವಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಅಗಲ ರಸ್ತೆಯಲ್ಲಿ ಸ್ಟೀರಿಂಗನ್ನು ಬಲಕ್ಕೆ ಸ್ವಲ್ಪವೇ ಎಳೆದರೆ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಮೊರೆತ ಜೋರಾದರೆ ಎಡಬದಿಯ ಬೇರಿಂಗು, ಎಡಕ್ಕೆ ಎಳೆದಾಗ ಜೋರಾದರೆ ಬಲಬದಿಯದು.

ಇನ್ನೊಂದು ಪರೀಕ್ಷೆಯನ್ನು ಮುಂದಿನ ಚಕ್ರಕ್ಕೆ ಮನೆಯಂಗಳದಲ್ಲೇ ಮಾಡಬಹುದು. ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಒಂದು ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳುಗಳನ್ನು ಸಸ್ಪೆನ್ಶನ್ನಿನ ಸ್ಪ್ರಿಂಗಿನ ಮೇಲೆ ಇಡಿ. ಬೇರಿಂಗ್ ಹಾಳಾಗಿದ್ದರೆ ಕಿವಿಗೆ ಕೇಳಿಸದ ಒರಟುತನ ಸ್ಪ್ರಿಂಗಿನ ಮೂಲಕ ಬೆರಳಿಗೆ ಬರುತ್ತದೆ, ಬೀಸುಕಲ್ಲಿನ ಗೂಟ ಹಿಡಿದಂತೆ. ಗಾಡಿಯ ಅಡಿಗೆ ಮಾತ್ರ ಹೋಗಬೇಡಿ. ಜಾಕ್ ಜಾರುತ್ತದೆ.

ಟೈರಿನ ವಯಸ್ಸನ್ನೂ ನೋಡಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳಿರುತ್ತವೆ. 3216 ಎಂದಿದ್ದರೆ 2016ರ 32ನೆಯ ವಾರದಲ್ಲಿ ತಯಾರಾದದ್ದು. ದೊಡ್ಡಪ್ಪನವರ ಗಾಡಿ ಕಡಿಮೆ ಓಡಿದೆ, ಆದ್ದರಿಂದ ಹಲ್ಲು ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರಬಹುದು.

ಮಲ್ಪೆಯಿಂದ

ಕಡಲಿನ ಹತ್ತಿರದವರಿಗೆ ಒಂದು ಮಾತು. ನಿಂತಲ್ಲಿ ಚರಚರ ಎಂದು ತಗಡು ಅದುರುವ ಶಬ್ದ ಬಂದು, ಆಕ್ಸಿಲರೇಟರ್ ಸ್ವಲ್ಪ ಒತ್ತಿದೊಡನೆ ನಿಂತರೆ ಸೈಲೆನ್ಸರಿನ ಮೇಲಿನ ಶಾಖತಡೆ ತಗಡನ್ನು ನೋಡಿ. ಉಪ್ಪುಗಾಳಿಗೆ ಅದರ ಬೋಲ್ಟಿನ ತೂತುಗಳೇ ಮೊದಲು ತುಕ್ಕು ತಿನ್ನುತ್ತವೆ. ಸೈಲೆನ್ಸರ್ ತಣ್ಣಗಾದ ಮೇಲೆ ಸ್ಟೀಲಿನ ಕ್ಲಿಪ್ಪಿನಿಂದ ಬಿಗಿದರೆ ಸಾಕು.

ಕಾರ್ಕಳದಿಂದ

ತಂಗೀ, ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದವನು ನಾನು. ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಯಾವ ಶಬ್ದ ಕೇಳಿದರೆ ಅಲ್ಲೇ ನಿಲ್ಲಬೇಕು ಎಂಬುದನ್ನು ಮಾತ್ರ ಸೇರಿಸುತ್ತೇನೆ.

ಎಂಜಿನ್ನಿನ ಹೊಟ್ಟೆಯೊಳಗಿಂದ ಸುತ್ತಿಗೆಯಲ್ಲಿ ಹೊಡೆದಂತೆ ಭಾರವಾದ ಬಡಿತ ಬಂದು, ಆಯಿಲ್ ದೀಪವೂ ಹತ್ತಿದರೆ ಬದಿಗೆ ತಂದು ಆಫ್ ಮಾಡಿ. ಊರು ಎರಡೇ ಕಿಲೋಮೀಟರ್ ಇದ್ದರೂ ಹೋಗಬಾರದು. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಶಬ್ದ ಬಿಡದೆ ಬಂದರೂ ಹಾಗೆಯೇ. ಮಳೆಯಲ್ಲಿ ರಾತ್ರಿ ನಿಂತ ಗಾಡಿಯ ಡಿಸ್ಕಿನಲ್ಲಿ ತುಕ್ಕು ಕಟ್ಟಿ ಮೊದಲ ಎರಡು ಮೂರು ಬ್ರೇಕಿಗೆ ಕೆರೆಯುವುದು ಬೇರೆ, ಅದಕ್ಕೆ ಹೆದರಬೇಡಿ. ಪಂಕ್ಚರ್ ಹಾಕಿಸಿ ಬಂದ ದಿನವೇ ಚಕ್ರದಲ್ಲಿ ಹೊಸ ಟಕಟಕ ಕೇಳಿದರೆ ಮೊದಲು ಇಳಿದು ವೀಲ್ ನಟ್ಟುಗಳನ್ನು ಪಾನಾ ಹಾಕಿ ನೋಡಿ. ಒಮ್ಮೆ ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದವನು ಸುಮ್ಮನೆ ನೋಡಿದೆ. ಎರಡು ನಟ್ಟು ಬೆರಳಲ್ಲೇ ತಿರುಗುತ್ತಿದ್ದವು. ಗಾಡಿಯಲ್ಲಿ ಐದು ಜನರಿದ್ದರು, ಮುಂದೆ ಆಗುಂಬೆಯ 14 ತಿರುವುಗಳಿದ್ದವು.

ಘಾಟಿ ಏರುವಾಗ ಮೇಲಿನ ಗೇರಿನಲ್ಲಿ ಎಳೆಸಿದರೆ ಗಾಜಿನ ಬಳೆ ಅಲುಗಿಸಿದಂತೆ ಕಿಣಿಕಿಣಿ ಕೇಳುತ್ತದೆ. ಆಗ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯಬೇಡಿ, ಗೇರ್ ಇಳಿಸಿ. ರಿವರ್ಸ್ ಗೇರಿನಲ್ಲಿ ಸಣ್ಣಗೆ ಊಳಿಡುವುದು ಮಾತ್ರ ಅದರ ಹಲ್ಲುಗಳು ನೇರವಾಗಿರುವುದರಿಂದ, ದೋಷವಲ್ಲ.

ಹತ್ತು ದಿನದ ನಂತರ, ಕುಂಜಿಬೆಟ್ಟಿನಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಕ್ಲಚ್ ಒತ್ತಿದೊಡನೆ ಗೊರಗೊರ ನಿಂತಿತು. ಬೇರೊಂದು ಗ್ಯಾರೇಜಿಗೆ ಹೋಗಿ ಗೇರ್ ಆಯಿಲ್ ನೋಡಿ ಎಂದೆ. ಬೋಲ್ಟ್ ತೆಗೆದು ಬೆರಳು ಬಗ್ಗಿಸಿ ಇಳಿಸಿದರೂ ಆಯಿಲ್ ತಾಗಲಿಲ್ಲ. ಎಡ ಆಕ್ಸಲ್ ಸೇರುವಲ್ಲಿ ಸೀಲ್ ಸೋರುತ್ತಿತ್ತು. ಅದೇ ಬದಿಯ ಹೊರಗಿನ ಬೂಟ್ ಸುತ್ತಲೂ ಬಿರಿದಿತ್ತು, ರಿಮ್ಮಿನೊಳಗೆ ನೀವು ಹೇಳಿದ ಗ್ರೀಸಿನ ಬೀಸಣಿಗೆಯೂ ಇತ್ತು. ಆಕ್ಸಲ್ ಬಿಚ್ಚಿದಾಗ ಸೀಲು, ಜಾಯಿಂಟು ಎರಡನ್ನೂ ಹಾಕಿಸಿ ಹೊಸ ಆಯಿಲ್ ತುಂಬಿಸಿದೆ. ತಿರುವಿನ ಟಕ್ ಟಕ್ ಪೂರ್ತಿ ಹೋಗಿದೆ. ಗೊರಗೊರ ತಣ್ಣನೆಯ ಬೆಳಿಗ್ಗೆ ಒಂದು ನಿಮಿಷ ಕೇಳಿ ನಿಲ್ಲುತ್ತದೆ. ಗೇರ್‌ಬಾಕ್ಸಿನ ಬೇರಿಂಗು ಸ್ವಲ್ಪ ಸವೆದಿರಬಹುದು, ಕ್ಲಚ್ ಸೆಟ್ ಹಾಕಿಸುವಾಗ ನೋಡೋಣ ಎಂದಿದ್ದಾರೆ.

ಮೊರೆತ ಕಾಂಕ್ರೀಟ್ ರಸ್ತೆಗೆ ಬಂದೊಡನೆ ಧಾಟಿ ಬದಲಿಸಿತು. ಟೈರಿನ ಮೇಲೆ 2815 ಎಂದಿದೆ, ಮುಂದಿನ ತಿಂಗಳು ನಾಲ್ಕನ್ನೂ ಬದಲಾಯಿಸುತ್ತೇನೆ.

ಇಷ್ಟು ನಿಂತ ಮೇಲೆ, ಫ್ಯಾನ್ ಹಾಕಿದಾಗ ಡ್ಯಾಶ್‌ಬೋರ್ಡಿನೊಳಗೆ ಪರಪರ ಎನ್ನುವ ನಾಲ್ಕನೆಯದೊಂದು ಕೇಳಿಸಿತು. ಬ್ಲೋವರ್ ಬಿಚ್ಚಿಸಿದಾಗ ಒಂದು ಹಿಡಿ ಗಾಳಿಮರದ ಒಣ ಎಲೆ ಸಿಕ್ಕಿತು. ಕಾಪುವಿನಲ್ಲಿ ದೊಡ್ಡಪ್ಪ ಇಷ್ಟು ವರ್ಷ ಗಾಡಿ ನಿಲ್ಲಿಸುತ್ತಿದ್ದುದು ಗಾಳಿಮರದ ಅಡಿಯಲ್ಲೇ.