ಸಹಾಯ ಬೇಕು: ನಾಗಾನೊ ಹಳ್ಳಿ ಕಡೆ ಖಾಲಿ ಸೈಟ್ ತಗೊಂಡು ಮನೆ ಕಟ್ಟೋದು

ಜಪಾನಲ್ಲಿರೋ ಕನ್ನಡದವ್ರೇ, ನಾವು ಟೋಕಿಯೊ ಬಿಟ್ಟು ನಾಗಾನೊ ಹಳ್ಳಿ ಕಡೆ 100 ತ್ಸುಬೊ, ಅಂದ್ರೆ ಸುಮಾರು 330 ಚದರ ಮೀಟರ್ ಸೈಟ್ ನೋಡ್ತಿದೀವಿ, ರೇಟ್ ಎಷ್ಟು ಕಮ್ಮಿ ಅಂದ್ರೆ ಬೆಂಗಳೂರಿನವ್ರು ನಂಬಲ್ಲ ಬಿಡಿ, ವಿದೇಶಿಯರು ಜಾಗ ತಗೊಳಕ್ಕೂ ಅಡ್ಡಿ ಇಲ್ಲ, ಆದ್ರೆ ದಾಖಲೇಲಿ ಅದಿನ್ನೂ ಹೊಲ ಅಂತಾನೇ ಇದೆ, ಊರಿನ ಕೃಷಿ ಸಮಿತಿ ಮೂಲಕ ಕನ್ವರ್ಷನ್ ಪರ್ಮಿಷನ್ ಆಗ್ಬೇಕು. ಯಾರಾದ್ರೂ ಮಾಡಿಸಿದೀರಾ? ಪರ್ಮಿಷನ್ ಸಿಗದಿದ್ರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಲ್ಲಿ ಹೆಂಗೆ ಬರೆಸಿದ್ರಿ?

ಇನ್ನೊಂದು, ಮನೆ ಕಟ್ಟಕ್ಕೆ ಸೈಟ್ ಮುಂದಿನ ರಸ್ತೆ 4 ಮೀಟರ್ ಅಗಲ ಇರ್ಬೇಕು, ಇದು ಕಮ್ಮಿ ಕಾಣ್ಸುತ್ತೆ, ನಮ್ಮ ಸೈಟಲ್ಲೇ ಸ್ವಲ್ಪ ಹಿಂದಕ್ಕೆ ಬಿಟ್ರೆ ನಡಿಯುತ್ತಾ? ಒಳಚರಂಡಿನೂ ಇಲ್ಲ, ಜೋಕಾಸೊ (ಮನೆಯ ಕೊಳಚೆ ನೀರನ್ನ ಅಲ್ಲೇ ಶುದ್ಧ ಮಾಡೋ) ಟ್ಯಾಂಕ್‌ಗೆ ಸಬ್ಸಿಡಿ ಸಿಕ್ಕಿದ್ಯಾ ಯಾರಿಗಾದ್ರೂ? ಪಿಆರ್ (ಜಪಾನಲ್ಲಿ ಶಾಶ್ವತವಾಗಿ ಇರೋ ಪರ್ಮಿಷನ್) ಇಲ್ದೆ ಹೋಂ ಲೋನ್ ಆದವ್ರು ಇನ್‌ಬಾಕ್ಸ್ ಮಾಡಿ ಪ್ಲೀಸ್. ಹಳೇ ಖಾಲಿ ಮನೆ ತಗೊಳಿ ಅನ್ನೋ ಸಲಹೆ ಮಾತ್ರ ಬೇಡ, ಆ ಚಳೀಲಿ ನಮ್ಮಮ್ಮನ್ನ ಇರ್ಸಕ್ಕಾಗಲ್ಲ.