ಧರ್ಮಕೇಂದ್ರದಲ್ಲಿ ಸಲಿಂಗಿ, ಟ್ರಾನ್ಸ್ ಸದಸ್ಯರಿಗೆ ಜಾಗ: ಎಲ್ಲಿಂದ ಶುರು ಮಾಡೋದು?

ಪಾಲನಾ ಪರಿಷತ್ ಕಾರ್ಯದರ್ಶಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಅರ್ಧ ಪೇಟೆ, ಅರ್ಧ ಕಾಫಿ ತೋಟದ ಲೈನ್ ಮನೆಗಳ ಧರ್ಮಕೇಂದ್ರ. ಕನ್ನಡ, ಕೊಂಕಣಿ, ತಮಿಳು ಮೂರೂ ಮನೆಮಾತಿನವರಿದ್ದಾರೆ. ಮುಂದಿನ ಪರಿಷತ್ ಸಭೆಗೆ ಒಂದು ವಿಷಯ ಬಂದಿದೆ: ಸಲಿಂಗಿಗಳು, ಟ್ರಾನ್ಸ್ ವ್ಯಕ್ತಿಗಳು, ಅವರ ಅಪ್ಪ-ಅಮ್ಮಂದಿರು ಚರ್ಚಿನಿಂದ ದೂರ ಸರಿಯದ ಹಾಗೆ ನೋಡಿಕೊಳ್ಳೋದು ಹೇಗೆ ಅಂತ. ಫಾದರ್ ಒಪ್ಪಿದ್ದಾರೆ. ಆದರೆ ಧರ್ಮಸಭೆಯ ಬೋಧನೆ ದಾಟಬಾರದು, ಬಿಷಪ್ ಹೌಸಿಗೆ ದೂರು ಹೋಗುವ ಹಾಗೂ ಆಗಬಾರದು ಅಂತ ಷರತ್ತು.

ನನಗೆ ಬೇಕಾದ್ದು: ಒಂದು, ಜ್ಞಾನಸ್ನಾನ, ಜ್ಞಾನತಂದೆ-ತಾಯಿ, ಆಶೀರ್ವಾದ ಇವುಗಳ ಬಗ್ಗೆ ರೋಮ್ ಹೇಳಿರೋದು ನಿಖರವಾಗಿ ಏನು? ಎರಡು, ಭಾನುವಾರದ ಬಲಿಪೂಜೆ ಮತ್ತು ವಾರ್ಡ್ ಪ್ರಾರ್ಥನೆಯಲ್ಲಿ ಏನು ಬದಲಿಸಬೇಕು? ಮೂರು, ಕೆಲವರು ಮೊದಲು ಗೇಟಿಗೆ ಬ್ಯಾನರ್ ಹಾಕಿ ಒಂದು ದೊಡ್ಡ ಕಾರ್ಯಕ್ರಮ ಮಾಡೋಣ ಅಂತಾರೆ, ಸರಿಯಾ? ಅವರವರ ಕಥೆ ಬೇಡ, ಮಾಡುವ ಕ್ರಮ ಹೇಳಿ.

ಧರ್ಮೋಪದೇಶ ಶಿಕ್ಷಕ, ಮೂಡಿಗೆರೆ

ಮೊದಲನೆಯದಕ್ಕೆ ನಾನು ಉತ್ತರಿಸ್ತೀನಿ.

ಕಥೋಲಿಕ ಕೆಟೆಕಿಸಂ, ಅಂದರೆ ಧರ್ಮಸಭೆಯ ಬೋಧನೆಯ ಅಧಿಕೃತ ಪುಸ್ತಕ, ಅದರ 2357ರಿಂದ 2359ರವರೆಗಿನ ಮೂರು ಪರಿಚ್ಛೇದಗಳನ್ನು ಜೆರಾಕ್ಸ್ ಮಾಡಿಸಿ ಪರಿಷತ್ತಿನ ಎಲ್ಲರ ಕೈಗೂ ಕೊಡಿ. 2357 ಸಲಿಂಗ ಲೈಂಗಿಕ ಕ್ರಿಯೆಯನ್ನು ಒಪ್ಪೋದಿಲ್ಲ. 2358 ಈ ವ್ಯಕ್ತಿಗಳನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಅನ್ನುತ್ತದೆ. 2359 ಅವರನ್ನು ಪರಿಶುದ್ಧ ಜೀವನಕ್ಕೆ ಕರೆಯುತ್ತದೆ. ಮೂರನ್ನೂ ಒಟ್ಟಿಗೆ ಓದಿಸಿ. 2358 ಮಾತ್ರ ಓದಿದರೆ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ಉಳಿದೆರಡನ್ನು ಓದೇ ಓದ್ತಾರೆ, ಆಮೇಲೆ ನಿಮ್ಮ ಮಾತು ಯಾರೂ ಕೇಳೋದಿಲ್ಲ.

ಸಂಸ್ಕಾರಗಳ ವಿಷಯಕ್ಕೆ ಬಂದರೆ, ರೋಮ್‌ನ ವಿಶ್ವಾಸ ಬೋಧನೆಯ ಆಯೋಗ ಬ್ರೆಜಿಲ್‌ನ ಒಬ್ಬ ಬಿಷಪ್ಪರಿಗೆ ಕೊಟ್ಟ ಉತ್ತರವನ್ನು ಪೋಪ್ ಫ್ರಾನ್ಸಿಸ್ 2023ರ ಅಕ್ಟೋಬರ್ 31ರಂದು ಅನುಮೋದಿಸಿದರು. ಅದರ ಪ್ರಕಾರ ಟ್ರಾನ್ಸ್ ವ್ಯಕ್ತಿ ಹಾರ್ಮೋನ್ ಚಿಕಿತ್ಸೆಯೋ ಶಸ್ತ್ರಚಿಕಿತ್ಸೆಯೋ ಮಾಡಿಸಿಕೊಂಡಿದ್ದರೂ, ಉಳಿದ ವಿಶ್ವಾಸಿಗಳಿಗಿರುವ ಷರತ್ತುಗಳ ಮೇಲೇ ಜ್ಞಾನಸ್ನಾನ ಪಡೆಯಬಹುದು; ಜನರಲ್ಲಿ ಗೊಂದಲ, ಅಪವಾದ ಹುಟ್ಟುವ ಸಂದರ್ಭ ಇರಬಾರದು ಅಷ್ಟೆ. ಜ್ಞಾನತಂದೆ, ಜ್ಞಾನತಾಯಿ ಆಗೋದು ಯಾರ ಹಕ್ಕೂ ಅಲ್ಲ. ಕೆಲವು ಷರತ್ತುಗಳ ಮೇಲೆ ಆಗಬಹುದು, ತೀರ್ಮಾನ ಗುರುಗಳ ವಿವೇಚನೆಗೆ ಬಿಟ್ಟದ್ದು. ಮದುವೆಗೆ ಸಾಕ್ಷಿಯಾಗೋದಕ್ಕೆ ಮಾತ್ರ ಟ್ರಾನ್ಸ್ ವ್ಯಕ್ತಿಗಾಗಲಿ, ಸಂಗಾತಿಯ ಜೊತೆ ವಾಸಿಸುವ ಸಲಿಂಗಿಗಾಗಲಿ ಧರ್ಮಸಭೆಯ ಕಾನೂನಿನಲ್ಲಿ ಯಾವ ಅಡ್ಡಿಯೂ ಇಲ್ಲ. ನಮ್ಮ ಕಡೆ ಹೆಚ್ಚು ಎಡವಟ್ಟಾಗೋದು ಇಲ್ಲೇ. ಸಾಕ್ಷಿಗೂ ಜ್ಞಾನತಂದೆ-ತಾಯಿಗೂ ವ್ಯತ್ಯಾಸ ತಿಳಿಯದೆ ಆಫೀಸಿನಲ್ಲೇ 'ಆಗಲ್ಲ' ಅಂದುಬಿಡ್ತಾರೆ.

ಆಶೀರ್ವಾದದ ವಿಷಯ ಅದೇ ಆಯೋಗದ 'ಫಿದೂಚಿಯಾ ಸುಪ್ಲಿಕಾನ್ಸ್' ದಾಖಲೆಯಲ್ಲಿದೆ, 2023ರ ಡಿಸೆಂಬರ್ 18ರದ್ದು. ಸಲಿಂಗ ಜೋಡಿ ಕೇಳಿಕೊಂಡರೆ ಗುರುಗಳು ಒಂದು ಸರಳ ಪ್ರಾರ್ಥನೆ ಹೇಳಬಹುದು. ಅದಕ್ಕೆ ವಿಧಿಯಿಲ್ಲ, ಪುಸ್ತಕವಿಲ್ಲ, ಮದುವೆಯ ಉಡುಪು, ಸನ್ನೆ, ಮಾತು ಯಾವುದೂ ಕೂಡದು. 2024ರ ಜನವರಿ 4ರ ವಿವರಣೆಯಂತೆ ಹತ್ತು-ಹದಿನೈದು ಸೆಕೆಂಡಿನ ಆಶೀರ್ವಾದ. ನಮ್ಮೂರ ಲೆಕ್ಕದಲ್ಲಿ ಹೇಳಬೇಕೆಂದರೆ ಹಾರ ಇಲ್ಲ, ಉಂಗುರ ಇಲ್ಲ, ರೇಷ್ಮೆ ಸೀರೆ ಇಲ್ಲ, ಫೋಟೊ ಇಲ್ಲ. ಕೊನೆಯದನ್ನು ನಾನು ಸೇರಿಸಿದ್ದು: ಒಂದು ಮೊಬೈಲ್ ಫೋಟೊ 'ಚರ್ಚಿನಲ್ಲಿ ಮದುವೆ' ಅಂತ ವಾಟ್ಸಾಪಿನಲ್ಲಿ ಓಡಾಡಿದರೆ ಆ ಜೋಡಿ ಊರು ಬಿಡಬೇಕಾಗುತ್ತೆ. ಸ್ಥಳೀಯ ಪರಿಸ್ಥಿತಿ ನೋಡಿ ಬಿಷಪ್ಪರು ಹೆಚ್ಚು ಸಮಯ ತೆಗೆದುಕೊಳ್ಳಬಹುದು ಅಂತಲೂ ಆ ವಿವರಣೆಯಲ್ಲಿದೆ, ಹಾಗಾಗಿ ಫಾದರ್ ಮೊದಲೇ ಬಿಷಪ್ ಹೌಸಿನಲ್ಲಿ ಕೇಳಿಕೊಳ್ಳಲಿ.

'ಇದು ಅಪರಾಧ ಅಲ್ವಾ' ಅನ್ನೋರು ಇನ್ನೂ ಸಿಗ್ತಾರೆ. 2018ರ ಸೆಪ್ಟೆಂಬರ್ 6ಕ್ಕೇ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದೆ. ಮದುವೆಯ ಮಾನ್ಯತೆ ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಿಗಲಿಲ್ಲ.

ವಾರ್ಡ್ ಗುರ್ಕಾರ್ (ವಾರ್ಡಿನ ಮುಖ್ಯಸ್ಥ), ಹಾಸನ

ಬ್ಯಾನರ್ ಬೇಡ. ಬ್ಯಾನರ್ ನೋಡಿ ಬಂದವರು ಬಾಗಿಲಲ್ಲೇ ವಾಪಸ್ ಹೋಗುವ ಹಾಗಿದ್ದರೆ ಆ ದುಡ್ಡು ದಂಡ. ಮೊದಲು ಬಾಗಿಲು ನೋಡಿ.

ನಮ್ಮ ಎಷ್ಟೋ ಚರ್ಚುಗಳಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ರೂಢಿ. ಒಬ್ಬ ಟ್ರಾನ್ಸ್ ಮಹಿಳೆ ಒಳಗೆ ಬಂದು ತೀರ್ಥದ ಬಟ್ಟಲಿನ ಹತ್ತಿರ ಶಿಲುಬೆ ಗುರುತು ಹಾಕಿಕೊಂಡು ತಲೆ ಎತ್ತಿದ ಕೂಡಲೇ ಎದುರಾಗೋದು ಅದೇ ಪ್ರಶ್ನೆ, ಎಡಕ್ಕೋ ಬಲಕ್ಕೋ. ಆ ಎರಡು ಸೆಕೆಂಡಿನಲ್ಲಿ ಸ್ವಯಂಸೇವಕ ಕೈ ಮಾಡಿ ಗಂಡಸರ ಕಡೆ ತೋರಿಸಿದನೋ, ಅವರು ಮತ್ತೆ ಬರೋದಿಲ್ಲ. ಹಿಂದಿನ ನಾಲ್ಕೈದು ಸಾಲುಗಳನ್ನು 'ಕುಟುಂಬ ಸಮೇತ ಕೂರಬಹುದು' ಅಂತ ಬಿಟ್ಟುಬಿಡಿ. ಯಾರಿಗೋಸ್ಕರ ಅಂತ ಘೋಷಿಸಬೇಡಿ. ಹಸುಗೂಸು ಇರುವವರು, ವಯಸ್ಸಾದ ತಾಯಿಯನ್ನು ಕರೆತರುವ ಗಂಡುಮಕ್ಕಳು ಮೊದಲ ವಾರವೇ ಅಲ್ಲಿ ಕೂತಿರ್ತಾರೆ, ಕ್ರಮ ತಾನೇ ಊರಿಕೊಳ್ಳುತ್ತೆ. ಪರಮಪ್ರಸಾದದ ಸಾಲೂ ಹೀಗೇ. ಗಂಡು ಸಾಲು, ಹೆಣ್ಣು ಸಾಲು ಬಿಟ್ಟು ಬೆಂಚಿನ ವರಸೆಯಲ್ಲಿ ಏಳಿಸಿ. ಸ್ವಯಂಸೇವಕರಿಗೆ ಹೇಳಬೇಕಾದ್ದು ಒಂದೇ: ಎಲ್ಲಿ ಕೂರಬೇಕು ಅಂತ ಯಾರಿಗೂ ತೋರಿಸಬೇಡಿ, ಕೇಳಿದರೆ ಮಾತ್ರ ಹೇಳಿ.

ವಾರ್ಡ್ ಪ್ರಾರ್ಥನೆ ಮನೆಯಿಂದ ಮನೆಗೆ ಹೋಗುತ್ತಲ್ಲ, ಅಲ್ಲಿ ಬಹಿಷ್ಕಾರ ಸದ್ದಿಲ್ಲದೆ ನಡೆಯುತ್ತೆ. 'ಅವರ ಮನೆ ಈ ತಿಂಗಳು ಬೇಡ' ಅಂತ ಒಂದು ಸಲ, ಎರಡು ಸಲ, ಆಮೇಲೆ ಆ ಮನೆ ಪಟ್ಟಿಯಲ್ಲೇ ಇರೋದಿಲ್ಲ. ವರ್ಷದ ಶುರುವಿನಲ್ಲೇ ಎಲ್ಲರ ಎದುರು ಚೀಟಿ ಎತ್ತಿ ಹನ್ನೆರಡು ತಿಂಗಳ ಪಟ್ಟಿ ಬರೆದು ಅಂಟಿಸಿ. ಬದಲಾವಣೆ ಬೇಕಾದರೆ ಆ ಮನೆಯವರೇ ಕೇಳಬೇಕು, ಬೇರೆ ಯಾರೂ ಅಲ್ಲ.

ವಿಶ್ವಾಸಿಗಳ ಪ್ರಾರ್ಥನೆಯ ಮಾತುಗಳನ್ನು ಒಬ್ಬರು ಮೊದಲೇ ಓದಿ ನೋಡಲಿ. 'ದಾರಿ ತಪ್ಪಿದ ಯುವಜನರಿಗಾಗಿ' ಅಂತ ಬರೆದುಕೊಂಡು ಬರೋರು ಇದ್ದೇ ಇರ್ತಾರೆ. 'ಮನೆಯಿಂದ ಹೊರದಬ್ಬಲ್ಪಟ್ಟ ಮಕ್ಕಳಿಗಾಗಿ, ಅವರ ದಾರಿ ಕಾಯುತ್ತಿರುವ ತಂದೆತಾಯಂದಿರಿಗಾಗಿ' ಅಂದರೆ ಯಾರ ತಕರಾರೂ ಬರಲ್ಲ, ಕೇಳಬೇಕಾದವರಿಗೆ ಕೇಳಿಸುತ್ತೆ.

ಕರೆಯುವ ಪದ: ಸರ್ಕಾರಿ ಕಾಗದದಲ್ಲಿ 'ಲಿಂಗತ್ವ ಅಲ್ಪಸಂಖ್ಯಾತರು' ಅಂತಾರೆ. 'ಮಂಗಳಮುಖಿ' ಕೆಲವು ಟ್ರಾನ್ಸ್ ಮಹಿಳೆಯರಿಗೆ ಒಪ್ಪಿಗೆ, ಆದರೆ ಟ್ರಾನ್ಸ್ ಪುರುಷರಿಗೋ ಸಲಿಂಗಿಗಳಿಗೋ ಅದು ಹೊಂದೋದಿಲ್ಲ. ತೋಟದ ತಮಿಳು ಮನೆಗಳಲ್ಲಿ 'ತಿರುನಂಗೈ' ಅಂದರೆ ಥಟ್ಟನೆ ಗೊತ್ತಾಗುತ್ತೆ. ಮುಖಾಮುಖಿಯಾದಾಗ ಇದ್ಯಾವುದೂ ಬೇಡ, ಅವರು ಹೇಳಿದ ಹೆಸರು, ಜೊತೆಗೆ ಅಕ್ಕ, ಅಣ್ಣ.

ಕಾಲ ನೋಡಿಕೊಳ್ಳಿ. ನವೆಂಬರ್‌ನಿಂದ ಕಾಫಿ ಕೊಯ್ಲು, ಲೈನಿನವರು ಸಂಜೆ ಮೀಟಿಂಗಿಗೆ ಬರೋದಿಲ್ಲ. ಜುಲೈ ಮಳೆಯಲ್ಲಿ ಯಾರೂ ಬರೋದಿಲ್ಲ. ತಪಸ್ಸು ಕಾಲದಲ್ಲಿ ಈ ವಿಷಯ ಎತ್ತಿದರೆ ಪಶ್ಚಾತ್ತಾಪದ ಮಾತು ಅಂತಲೇ ಕೇಳಿಸುತ್ತೆ. ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ (ಮಾತೆ ಮರಿಯಳ ಜನ್ಮದಿನ) ಮುಂಚಿನ ಒಂಬತ್ತು ದಿನಗಳ ನೊವೆನ ಇದೆಯಲ್ಲ, ಅದರಲ್ಲಿ ಒಂದು ದಿನ ಕುಟುಂಬಗಳಿಗೆ ಮೀಸಲಿಡಿ. ಹಬ್ಬದ ದಿನ ಹೊಸಕ್ಕಿ ಊಟಕ್ಕೆ ಮನೆಮಂದಿ ಎಲ್ಲ ಒಟ್ಟಿಗೆ ಕೂರೋದೇ ರೂಢಿ, ಯಾರನ್ನು ಹೊರಗಿಟ್ಟಿದ್ದೀವಿ ಅನ್ನೋ ಪ್ರಶ್ನೆ ಅಲ್ಲೇ ಹುಟ್ಟುತ್ತೆ.

ಆಪ್ತಸಮಾಲೋಚಕಿ, ಹಾಸನ

ಇಬ್ಬರೂ ಮುಟ್ಟದ ವಿಷಯ ಗುಟ್ಟು. ಚಿಕ್ಕ ಊರಿನಲ್ಲಿ 'ಪ್ರತಿ ಎರಡನೇ ಶನಿವಾರ ಸಂಜೆ 5ಕ್ಕೆ ಪ್ಯಾರಿಷ್ ಹಾಲಿನಲ್ಲಿ' ಅಂತ ಗುಂಪು ಮಾಡಿದರೆ, ಹಾಲಿನ ಮೆಟ್ಟಿಲು ಹತ್ತಿದವರ ಹೆಸರು ರಾತ್ರಿಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಮೊದಲ ವರ್ಷ ಗುಂಪೇ ಬೇಡ. ಕಿವಿಗೊಡಬಲ್ಲ ಇಬ್ಬರನ್ನು ಗುರುತಿಸಿ, ಒಬ್ಬರು ಹೆಂಗಸು, ಒಬ್ಬರು ಗಂಡಸು, ಪರಿಷತ್ತಿನ ಪದಾಧಿಕಾರಿಗಳಲ್ಲದವರು. ಅಪ್ಪ-ಅಮ್ಮಂದಿರಿಗೆ ತಮ್ಮೂರಿಗಿಂತ ಪಕ್ಕದೂರೇ ವಾಸಿ: ಚಿಕ್ಕಮಗಳೂರಿನವರು ಹಾಸನಕ್ಕೆ ಬರಲಿ, ಹಾಸನದವರು ಅಲ್ಲಿಗೆ ಹೋಗಲಿ. ಸುಮಾರು 60 ಕಿಲೋಮೀಟರ್, ಎರಡೂ ಜಿಲ್ಲೆ ಒಂದೇ ಧರ್ಮಪ್ರಾಂತ್ಯ, ಹಾಗಾಗಿ ಫಾದರ್‌ಗಳು ಪರಸ್ಪರ ಮಾತಾಡಿಕೊಂಡು ಏರ್ಪಾಟು ಮಾಡೋದು ಕಷ್ಟವಲ್ಲ.

ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಹೊರಗೆ ಹೇಳುವ ಹಾಗಿಲ್ಲ, ಅದು ಧರ್ಮಸಭೆಯ ಕಾನೂನಿನ ವಿಧಿ, ಕಾನನ್ 983. ಹೇಳಿದ ಗುರುವಿಗೆ ಬಹಿಷ್ಕಾರದ ಶಿಕ್ಷೆಯಿದೆ. ಆದರೆ ವೆರಾಂಡಾದಲ್ಲಿ ಕಾಫಿ ಕುಡಿಯುತ್ತಾ ಹೇಳಿದ್ದಕ್ಕೆ ಆ ಮುದ್ರೆ ಇಲ್ಲ, ಕಾರ್ಯದರ್ಶಿಗೆ ಹೇಳಿದ್ದಕ್ಕಂತೂ ಇಲ್ಲವೇ ಇಲ್ಲ. ಒಳ್ಳೆಯ ಹೆಸರಿಗೆ, ಖಾಸಗಿತನಕ್ಕೆ ಕಾನನ್ 220ರ ರಕ್ಷಣೆ ಇದೆ, ಅದನ್ನು ಪರಿಷತ್ ನಡಾವಳಿಯಲ್ಲಿ ಬರೆಸಿ. ನಡಾವಳಿಯಲ್ಲಿ ಯಾವ ಮನೆಯ ಹೆಸರೂ ಬರಬಾರದು. ಹದಿನೇಳರ ಹುಡುಗ ಬಂದು ಹೇಳಿಕೊಂಡರೆ 'ಅಪ್ಪನಿಗೆ ನಾನೇ ಹೇಳ್ತೀನಿ' ಅಂತ ಹೊರಡಬೇಡಿ. ಮನೆಯಲ್ಲಿ ಹೊಡೆತ ಬೀಳುತ್ತಾ, ಉಳಿಯಲು ಬೇರೆ ಜಾಗ ಇದೆಯಾ, ಮೊದಲು ಅದನ್ನು ತಿಳಿದುಕೊಳ್ಳಿ. ಸಾಯುವ ಮಾತಾಡಿದರೆ ಮಾತ್ರ ಗುಟ್ಟು ಅಂತ ಕೂರುವ ಹಾಗಿಲ್ಲ, ಒಬ್ಬನನ್ನೇ ಬಿಡಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿಸಿ.

ಎರಡು 'ಪರಿಹಾರ' ಬಂದೇ ಬರ್ತವೆ. ಒಂದು, ಬಿಡುಗಡೆ ಪ್ರಾರ್ಥನೆ, ಉಪವಾಸ, 'ಸರಿ ಮಾಡುವ' ಡಾಕ್ಟರು. ಸಲಿಂಗ ಆಕರ್ಷಣೆ ರೋಗವೇ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆದಿದೆ. ಇದನ್ನು ಬದಲಾಯಿಸುತ್ತೇವೆ ಅನ್ನೋ ಚಿಕಿತ್ಸೆ ವೈದ್ಯರ ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಎರಡನೆಯದು 'ಒಂದು ಮದುವೆ ಮಾಡಿ, ಸರಿ ಹೋಗ್ತಾನೆ'. ಇಲ್ಲಿ ಏನೂ ಅರಿಯದ ಇನ್ನೊಂದು ಮನೆಯ ಹುಡುಗಿ ಸಿಕ್ಕಿಕೊಳ್ಳುತ್ತಾಳೆ. ದಾಂಪತ್ಯವನ್ನೇ ಗಂಭೀರವಾಗಿ ಕಲಕುವಂಥ ವಿಷಯ ಮುಚ್ಚಿಟ್ಟು, ವಂಚಿಸಿ ಒಪ್ಪಿಗೆ ಪಡೆದ ಮದುವೆ ಕಾನನ್ 1098ರ ಪ್ರಕಾರ ಸಿಂಧುವೇ ಅಲ್ಲ. ಮದುವೆ ತಯಾರಿ ಶಿಬಿರ ನಡೆಸುವವರಿಗೆ ಇದು ಗೊತ್ತಿರಬೇಕು.

ಸಿಎಸ್‌ಐ (ದಕ್ಷಿಣ ಭಾರತ ಪ್ರಾಟೆಸ್ಟೆಂಟ್) ಸಭೆಯವನು

ನಮ್ಮಲ್ಲಿ ಪಾಸ್ಟೊರೇಟ್ ಕಮಿಟಿಯೇ ಬಹಳಷ್ಟು ತೀರ್ಮಾನಿಸುತ್ತೆ, ಹಾಗಾಗಿ ಪಾದ್ರಿ ಒಪ್ಪಿದರೂ ಕಮಿಟಿಯಲ್ಲಿ ಕೂತ ಹಿರಿಯರು ಒಪ್ಪದಿದ್ದರೆ ಮುಗೀತು. ಓದಿಗೆ ಬೇಕಾದರೆ ನಾಗಪುರದ ಎನ್‌ಸಿಸಿಐ (ಭಾರತದ ಚರ್ಚುಗಳ ರಾಷ್ಟ್ರೀಯ ಮಂಡಳಿ) ಲಿಂಗ ವೈವಿಧ್ಯದ ಬಗ್ಗೆ ಅಧ್ಯಯನ ಸಾಮಗ್ರಿ ತಂದಿದೆ. ಇಂಗ್ಲಿಷಿನಲ್ಲಿರೋದನ್ನು ಹಾಗೇ ಹಂಚಿದರೆ ಯಾರೂ ಓದಲ್ಲ, ಎರಡು ಪುಟಕ್ಕೆ ಕನ್ನಡದಲ್ಲಿ ಇಳಿಸಿಕೊಳ್ಳಿ. ಇನ್ನೊಂದು: ಟ್ರಾನ್ಸ್ ಜನರನ್ನು ಕ್ರಿಸ್ಮಸ್‌ಗೆ ಕರೆದು ಸೀರೆ, ಕೇಕ್ ಕೊಟ್ಟು ಫೋಟೊ ಹಿಡಿಯುವ ಚಾಳಿ ಬೇಡ. ಗಾಯಕವೃಂದದಲ್ಲಿ ಜಾಗ ಇದ್ಯಾ ಅಂತ ಅವರು ಕೇಳಿದ ದಿನವೇ ಮುಖ ಬದಲಾಗೋದು.

ಪಾಲನಾ ಪರಿಷತ್ ಕಾರ್ಯದರ್ಶಿ, ಚಿಕ್ಕಮಗಳೂರು

ಬಹಳ ಉಪಕಾರ ಆಯ್ತು. ಬ್ಯಾನರ್ ಕೈಬಿಟ್ಟೆವು ಅಂತಲೇ ಇಟ್ಟುಕೊಳ್ಳಿ. ಇನ್ನು ಮೂರು ಉಳಿದಿವೆ. ಕುಟುಂಬ ಪುಸ್ತಕದಲ್ಲಿ 'ಯಜಮಾನ, ಹೆಂಡತಿ, ಮಕ್ಕಳು' ಅಂತಲೇ ಕಾಲಂ ಇದೆ, ಇಬ್ಬರು ಗೆಳತಿಯರು ಒಂದೇ ಮನೆಯಲ್ಲಿದ್ದರೆ ಏನು ಬರೆಯೋದು? ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಗೆ ಟ್ರಾನ್ಸ್ ಸದಸ್ಯರನ್ನು ಕೂರಿಸಬಹುದಾ? ಮತ್ತೆ, ಸಾವಾದಾಗ ಹೇಗೆ?

ಧರ್ಮೋಪದೇಶ ಶಿಕ್ಷಕ, ಮೂಡಿಗೆರೆ

ಪಾದ ತೊಳೆಯೋದು ಸುಲಭದ ಉತ್ತರ. 2016ರ ಜನವರಿ 6ರ ಆದೇಶದ ನಂತರ ಗಂಡಸರೇ ಆಗಬೇಕೆಂದಿಲ್ಲ, ದೇವಜನರಲ್ಲಿ ಯಾರನ್ನಾದರೂ ಆರಿಸಬಹುದು: ಹೆಂಗಸರು, ಹುಡುಗರು, ಕಾಯಿಲೆಯವರು. ಆದರೆ 'ಈ ಸಲ ಟ್ರಾನ್ಸ್ ಒಬ್ಬರು ಇದ್ದಾರೆ' ಅಂತ ಮೈಕಿನಲ್ಲಿ ಹೇಳಿದರೆ ಅವರನ್ನು ಪ್ರದರ್ಶನಕ್ಕಿಟ್ಟ ಹಾಗೆ. ವಾರ್ಡಿಗೊಬ್ಬರಂತೆ ಆರಿಸಿ, ಅವರ ವಾರ್ಡಿನ ಹೆಸರಿನಲ್ಲೇ ಅವರು ಬರಲಿ. ಒಂದು ತಿಂಗಳು ಮೊದಲೇ ಕೇಳಿ, ಒಲ್ಲೆ ಅಂದರೆ ಒತ್ತಾಯ ಬೇಡ.

ಕುಟುಂಬ ಪುಸ್ತಕ ಮದುವೆ ರಿಜಿಸ್ಟರ್ ಅಲ್ಲ, ಅದು ಮನೆ ಲೆಕ್ಕ. ಮುಂದಿನ ಮುದ್ರಣದಲ್ಲಿ 'ಮನೆಯಲ್ಲಿರುವ ಸದಸ್ಯರು' ಅಂತ ಒಂದೇ ಕಾಲಂ ಮಾಡಿ, ವಿಧವೆಯರಿಗೂ ಒಂಟಿ ಇರುವವರಿಗೂ ಅದೇ ಅನುಕೂಲ. ಪಡಿತರ ಚೀಟಿಗೆ ಇಂಥ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಿ ಅಂತ ಕೇಂದ್ರ ಸರ್ಕಾರವೇ 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಹೆಸರು ಬದಲಿಸಿ ಅಂತ ಯಾರಾದರೂ ಬಂದರೆ ಮಾತ್ರ ಆಫೀಸಿನಲ್ಲಿ ಕೈ ಹಾಕಬೇಡಿ, ಕಾಗದಪತ್ರ ಸಮೇತ ಧರ್ಮಪ್ರಾಂತ್ಯದ ಕಚೇರಿಗೆ ಕಳಿಸಿ.

ಸಾವಿನ ವಿಷಯದಲ್ಲಿ ಹೆಚ್ಚು ಜಗಳ. ಅಂತ್ಯಕ್ರಿಯೆ ನಿರಾಕರಿಸಬಹುದಾದವರು ಯಾರು ಅನ್ನೋದು ಕಾನನ್ 1184ರಲ್ಲಿದೆ. ಸಲಿಂಗಿ, ಟ್ರಾನ್ಸ್ ಅನ್ನೋ ಪದವೇ ಅಲ್ಲಿಲ್ಲ. 'ಬಹಿರಂಗ ಪಾಪಿ' ಅನ್ನೋ ಮಾತು ಎತ್ತುವವರಿಗೆ ಹೇಳಿ, ಸಂಶಯ ಬಂದರೆ ತೀರ್ಮಾನಿಸೋದು ಬಿಷಪ್ಪರು, ಸ್ಮಶಾನದ ಕಮಿಟಿ ಅಲ್ಲ. ಆಸ್ಪತ್ರೆಯಿಂದ ದೇಹ ಪಡೆಯುವಾಗ ರಕ್ತಸಂಬಂಧಿಗಳೇ ಮೊದಲು. ಅವರು ಯಾರೂ ಇಲ್ಲದಿದ್ದರೆ ಸಂಗಾತಿ ಪಡೆಯಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಬರೆದಿದೆ, ಆ ಪತ್ರದ ಪ್ರತಿ ಆಫೀಸಿನಲ್ಲಿ ಇಟ್ಟುಕೊಂಡಿರಿ. ಸಾವಿನ ಪ್ರಕಟಣೆಯಲ್ಲಿ ಮನೆಯವರು ಹಳೇ ಹೆಸರೇ ಬೇಕು ಅಂದರೆ ಎರಡನ್ನೂ ಓದಿ, ಜನ ಕರೆಯುತ್ತಿದ್ದ ಹೆಸರು ಮೊದಲು. ಮುಂದಿನ ಬೆಂಚಿನ ತುದಿಯಲ್ಲಿ ಸಂಗಾತಿಗೆ ಒಂದು ಜಾಗ ಹಿಡಿದಿಡಲು ಹಿಂದಿನ ದಿನವೇ ಯಾರಿಗಾದರೂ ಹೇಳಿ. ಪೆಟ್ಟಿಗೆ ಒಳಗೆ ಬಂದ ಮೇಲೆ ಜಾಗ ಹುಡುಕಲು ಹೋದರೆ ಅವರನ್ನು ಹಿಂದಕ್ಕೆ ತಳ್ಳಿಬಿಟ್ಟಿರ್ತಾರೆ. ತಿಂಗಳ ಪೂಜೆಯ ದಿನಾಂಕ ಅವರಿಗೂ ಫೋನ್ ಮಾಡಿ ತಿಳಿಸಿ, ಮನೆಯವರು ಸಾಮಾನ್ಯವಾಗಿ ತಿಳಿಸಿರೋದಿಲ್ಲ.